ನಮ್ಮ ಟಾಕಿಯ ಪೀಪಿ ಮತ್ತೆ ಕೂಗಬೇಕು



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ತಿಂಗಳು ಒಬ್ಬರು ತಮ್ಮ ಅಭಿಪ್ರಾಯ ಬರೆಯುತ್ತಾರೆ. ಹೋದ ತಿಂಗಳು ಗಿಡಮರಗಳ ಬಗ್ಗೆ ಬಂತು. ಅದರ ಹಿಂದಿನ ತಿಂಗಳು ಸಮಯಪಾಲನೆ ಬಗ್ಗೆ ಬಂತು. ಎರಡೂ ಚೆನ್ನಾಗಿದ್ದವು. ಈ ಸಲ ನನ್ನ ಪಾಳಿ ಬಂದಿದೆ. ನಾನು ಕೆಟ್ಟ ರೇಡಿಯೋ, ಹಳೆಯ ಟಾರ್ಚು, ತುಂಡು ವೈರು, ಸೆಲ್ಲು ಇವುಗಳ ಬಗ್ಗೆ ಬರೆಯುತ್ತೇನೆ. ನಗಬೇಡಿರಿ, ಪೂರ್ತಿ ಓದಿರಿ.

ನನ್ನ ಅಭಿಪ್ರಾಯ ಇಷ್ಟೇ. ಕೆಟ್ಟುಹೋದ ಸಾಮಾನು ಬಿಚ್ಚಿ ನೋಡಿ, ಅದರಿಂದ ಉಪಯೋಗದ ಒಂದು ವಸ್ತು ಮಾಡುವುದು ಬರೀ ಆಟವಲ್ಲ, ಅದೂ ಓದೇ. ಆದ್ದರಿಂದ ನಮ್ಮ ಶಾಲೆಯಲ್ಲಿ ಅದಕ್ಕಾಗಿ ಒಂದು ಪೆಟ್ಟಿಗೆ ಇರಬೇಕು, ಶನಿವಾರ ಒಂದು ತಾಸು ಇರಬೇಕು. ಮತ್ತು ನೀರಿನ ಟಾಕಿಗೆ ನಾವು ಕಟ್ಟಿದ್ದ ಪೀಪಿಯನ್ನು ಬೇಸಿಗೆ ಬರುವುದರೊಳಗೆ ತಿರುಗಿ ಕಟ್ಟಬೇಕು. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ.

ನನ್ನ ಪೆಟ್ಟಿಗೆಯಲ್ಲಿ ಏನಿದೆ

ನಮ್ಮ ಮನೆಯಲ್ಲಿ ಬಿಸ್ಕೀಟಿನ ಒಂದು ತಗಡಿನ ಡಬ್ಬಿ ಇದೆ. ಅದೇ ನನ್ನ ಪೆಟ್ಟಿಗೆ. ನಮ್ಮ ಮುತ್ಯಾನ ರೇಡಿಯೋ ಅದರೊಳಗೆ ಬಿಡಿಬಿಡಿಯಾಗಿ ಕೂತಿದೆ. ಮುತ್ಯಾ ಅದರಲ್ಲಿ ಕಲಬುರಗಿ ಆಕಾಶವಾಣಿ ಕೇಳುತ್ತಿದ್ದರು. ಅದು ಕೆಟ್ಟು ನಾಲ್ಕು ವರ್ಷ ಮಾಳಿಗೆಯ ಗೂಡಿನಲ್ಲಿ ಬಿದ್ದಿತ್ತು. ಭಂಗಾರದವನು ಬಂದಾಗ ಅವ್ವ ಅದನ್ನು ತೂಕಕ್ಕೆ ಹಾಕಲು ಹೊರಟಿದ್ದಳು. ಮುತ್ಯಾ, "ಇರಲಿ ಬಿಡು, ಕೂಸು ಬಿಚ್ಚಿ ನೋಡ್ಲಿ" ಅಂದರು. ಅವತ್ತಿನಿಂದ ಅದು ನನ್ನದು.

ರೇಡಿಯೋದ ಸ್ಪೀಕರಿನ ಹಿಂದೆ ದೊಡ್ಡ ಅಯಸ್ಕಾಂತ ಇರುತ್ತದೆ. ಅದರ ಮುಂದೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ಸುರುಳಿಯಲ್ಲಿ ಕರೆಂಟು ಹರಿದಾಗ ಅದೂ ಒಂದು ಅಯಸ್ಕಾಂತವಾಗಿ ಹಿಂದೆ ಮುಂದೆ ಅಲುಗುತ್ತದೆ. ಅದಕ್ಕೆ ಅಂಟಿದ ಕಾಗದವೂ ಅಲುಗುತ್ತದೆ. ಕಾಗದ ಅಲುಗಿದರೆ ಗಾಳಿ ಅಲುಗುತ್ತದೆ, ಅದೇ ನಮಗೆ ಕೇಳುವ ಶಬ್ದ. ನಾನು ಸ್ಪೀಕರಿನ ಎರಡು ವೈರಿಗೆ ಒಂದು ಸೆಲ್ಲು ಮುಟ್ಟಿಸಿದೆ. 'ಟಕ್' ಅಂತ ಶಬ್ದ ಬಂತು, ಕಾಗದ ಮುಂದೆ ಬಂತು. ಸೆಲ್ಲು ತಿರುವಿ ಮುಟ್ಟಿಸಿದೆ, ಕಾಗದ ಹಿಂದೆ ಹೋಯಿತು. ಪಾಠ ಓದುವಾಗ ನನಗೆ ಅಷ್ಟು ತಿಳಿದಿರಲಿಲ್ಲ.

ಔರಾದದ ಅಮರೇಶ್ವರ ಜಾತ್ರೆಯಲ್ಲಿ ನನ್ನ ತಮ್ಮ ಕೊಂಡ ಮೋಟಾರು ಗಾಡಿ ಮೂರೇ ದಿನಕ್ಕೆ ಚಕ್ರ ಮುರಿದುಕೊಂಡಿತು. ಅದರ ಸಣ್ಣ ಮೋಟಾರು ಚೆನ್ನಾಗಿಯೇ ಇತ್ತು. ಅದಕ್ಕೆ ಪ್ಲಾಸ್ಟಿಕ್ ಬಾಟಲಿಯಿಂದ ಎಲೆ ಕತ್ತರಿಸಿ ಅಂಟಿಸಿ ಪಂಖಾ ಮಾಡಿದ್ದೇವೆ. ಈಗ ತಮ್ಮ ಊಟ ಮಾಡುವಾಗ ಪಂಖಾ ಮುಂದೆ ಇಟ್ಟುಕೊಂಡೇ ಕೂಡುತ್ತಾನೆ. ಎರಡು ಸೆಲ್ಲಿಗೆ ಅದು ನಿಧಾನ ತಿರುಗುತ್ತದೆ. ಮೂರು ಸೆಲ್ಲು ಬೇಕೆಂದು ದಿನಾಲೂ ಜಗಳ ತೆಗೆಯುತ್ತಾನೆ.

ಇನ್ನೊಂದು ಸುದ್ದಿ. ಈ ತಿಂಗಳು ದನದ ಕೊಟ್ಟಿಗೆಗೆ ಒಂದು ಸಣ್ಣ ದೀಪ ಮಾಡಿದೆ. ಹಳೆಯ ಟಾರ್ಚಿನ ಎಲ್‌ಇಡಿ, ಮೂರು ಸೆಲ್ಲು, ಒಂದು ಗುಂಡಿ. ನಮ್ಮ ಎಮ್ಮೆ ಈಯುವ ದಿನ ಹತ್ತಿರ ಬಂದಿದೆ. ರಾತ್ರಿ ಲೈಟು ಹೋದಾಗ ಅವ್ವ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಮೇವು ಹಾಕುತ್ತಿದ್ದಳು. ಈಗ ಗುಂಡಿ ಒತ್ತುತ್ತಾಳೆ. ತೊಗರಿ ರಾಶಿ ಮುಗಿದಿದೆ. ಅಪ್ಪ ಭಾಲ್ಕಿ ಮಾರುಕಟ್ಟೆಗೆ ಹೋದಾಗ ನನಗೆ ಒಂದು ಸಣ್ಣ ಸ್ಕ್ರೂ ಡ್ರೈವರ್ ತರುತ್ತೇನೆ ಅಂದಿದ್ದಾರೆ. ಇನ್ನೂ ತಂದಿಲ್ಲ.

ನಮ್ಮ ತರಗತಿಯ ಪ್ರಶ್ನೆ ಬೋರ್ಡು ನಿಮಗೆಲ್ಲ ಗೊತ್ತೇ ಇದೆ. ರಟ್ಟಿನ ಒಂದು ಬದಿಗೆ ಕಾರಂಜಾ ಜಲಾಶಯ, ಅನುಭವ ಮಂಟಪ, ಅಮರೇಶ್ವರ ಗುಡಿ, ವೀರಭದ್ರೇಶ್ವರ ಗುಡಿ ಎಂದು ಬರೆದಿದೆ. ಇನ್ನೊಂದು ಬದಿಗೆ ಭಾಲ್ಕಿ, ಬಸವಕಲ್ಯಾಣ, ಔರಾದ, ಹುಮನಾಬಾದ ಎಂದು ಬರೆದಿದೆ. ಸರಿಯಾದ ಎರಡಕ್ಕೆ ವೈರು ಮುಟ್ಟಿಸಿದರೆ ದೀಪ ಹತ್ತುತ್ತದೆ, ತಪ್ಪಿದರೆ ಹತ್ತುವುದಿಲ್ಲ. ನಾಲ್ಕನೇ ತರಗತಿಯ ಮಕ್ಕಳು ನಮ್ಮ ಜಿಲ್ಲೆಯ ತಾಲೂಕುಗಳನ್ನು ಅದರಿಂದಲೇ ಬಾಯಿಪಾಠ ಮಾಡಿದರು. ಯಾರೂ ಅವರನ್ನು ಬೈದು ಕೂಡಿಸಬೇಕಾಗಲಿಲ್ಲ.

ಪೀಪಿ ಹೇಗೆ ಕೂಗುತ್ತದೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಮಾಳಿಗೆ ಮೇಲೆ ಕಪ್ಪು ಟಾಕಿ ಇದೆ. ಮುಂಜಾನೆ ಬೋರಿನ ಮೋಟಾರು ಚಾಲೂ ಮಾಡುತ್ತಾರೆ. ಟಾಕಿ ಯಾವಾಗ ತುಂಬಿತು ಅಂತ ಕೆಳಗಿದ್ದವರಿಗೆ ತಿಳಿಯುವುದಿಲ್ಲ. ಪ್ರಾರ್ಥನೆ, ಹಾಜರಿ, ಬಿಸಿಯೂಟದ ತಯಾರಿ, ಎಲ್ಲರಿಗೂ ಕೆಲಸ. ನೀರು ಗೋಡೆ ಮೇಲಿಂದ ಹರಿದು ಅಂಗಳ ರಾಡಿ ಆದ ಮೇಲೆ ಯಾರಾದರೂ "ಮೋಟಾರು ಬಂದ್ ಮಾಡ್ರೀ" ಎಂದು ಕೂಗುತ್ತಾರೆ.

ನಾನು ಮತ್ತು ನನ್ನ ಗೆಳತಿ ಇದನ್ನು ಅಳೆದೆವು. ಟಾಕಿಯಿಂದ ಹೊರಗೆ ಬೀಳುವ ನೀರಿಗೆ 15 ಲೀಟರಿನ ಬಕೆಟ್ ಹಿಡಿದೆವು. 40 ಸೆಕೆಂಡಿಗೆ ತುಂಬಿತು. 10 ನಿಮಿಷ ಅಂದರೆ 600 ಸೆಕೆಂಡು. 600ನ್ನು 40ರಿಂದ ಭಾಗಿಸಿದರೆ 15 ಬಕೆಟ್. 15 ಬಕೆಟ್ ಅಂದರೆ 225 ಲೀಟರು. ನಮ್ಮ ಶಾಲೆಯಲ್ಲಿ 112 ಮಕ್ಕಳಿದ್ದೇವೆ. ಹತ್ತೇ ನಿಮಿಷಕ್ಕೆ ಒಬ್ಬೊಬ್ಬರ ಪಾಲಿನ ಎರಡು ಲೀಟರು ನೀರು ಅಂಗಳದ ಪಾಲಾಯಿತು.

ಅದಕ್ಕೆ ನಾವು ಪೀಪಿ ಮಾಡಿದೆವು. ಹೇಗೆಂದರೆ, ಟಾಕಿಯ ಬಾಯಿಯ ಹತ್ತಿರ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟೆವು. ಒಂದಕ್ಕೊಂದು ತಾಗಬಾರದು. ನೀರು ಮೇಲೆ ಬಂದು ಎರಡೂ ಕಡ್ಡಿ ಮುಟ್ಟಿದಾಗ ನೀರಿನ ಮೂಲಕವೇ ಸ್ವಲ್ಪ ಕರೆಂಟು ಹರಿಯುತ್ತದೆ. ನಮ್ಮ ಬೋರಿನ ನೀರಿನಲ್ಲಿ ಉಪ್ಪು, ಸುಣ್ಣದ ಅಂಶ ಕರಗಿರುವುದರಿಂದ ಅದು ಕರೆಂಟು ಹರಿಯಲು ಬಿಡುತ್ತದೆ. ಆದರೆ ಆ ಕರೆಂಟು ಬಹಳ ಕಡಿಮೆ, ಅದರಿಂದ ಪೀಪಿ ಕೂಗುವುದಿಲ್ಲ. ಇಲ್ಲಿ ಟ್ರಾನ್ಸಿಸ್ಟರ್ ಬೇಕು.

ಟ್ರಾನ್ಸಿಸ್ಟರ್ ಅಂದರೆ ಮೂರು ಕಾಲಿನ, ಅವರೆ ಕಾಳಿನಷ್ಟು ಸಣ್ಣ ಕಪ್ಪು ಸಾಮಾನು. ಇದನ್ನು 1947ರಲ್ಲಿ ಅಮೆರಿಕಾದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದರು. ಅದಕ್ಕಾಗಿ ಬಾರ್ಡೀನ್, ಬ್ರಾಟನ್, ಶಾಕ್ಲಿ ಎಂಬ ಮೂವರಿಗೆ 1956ರಲ್ಲಿ ನೊಬೆಲ್ ಬಹುಮಾನ ಬಂತು. ಅದರ ಕೆಲಸ ಕಾಲುವೆಯ ಗೇಟಿನ ಹಾಗೆ. ಕಾರಂಜಾ ಕಾಲುವೆಯ ಗೇಟನ್ನು ಒಬ್ಬ ಮನುಷ್ಯ ಕೈಯಿಂದ ತಿರುವಿದರೆ ಸಾಕು, ಎಷ್ಟೋ ಹೊಲಕ್ಕೆ ನೀರು ಹರಿಯುತ್ತದೆ. ಹಾಗೆಯೇ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ ಸ್ವಲ್ಪವೇ ಕರೆಂಟು ಬಂದರೂ ಅದು ಗೇಟು ತೆರೆಯುತ್ತದೆ, ಉಳಿದ ಎರಡು ಕಾಲಿನ ನಡುವೆ ಹೆಚ್ಚು ಕರೆಂಟು ಹರಿಯುತ್ತದೆ. ಆಗ ಪೀಪಿ 'ಪೀಂ' ಎಂದು ಕೂಗುತ್ತದೆ. ನೀರು ಇಳಿದರೆ ಸುಮ್ಮನಾಗುತ್ತದೆ.

ಖರ್ಚು ಬರೆಯುತ್ತೇನೆ. ಟ್ರಾನ್ಸಿಸ್ಟರ್ 5 ರೂಪಾಯಿ, ರೆಸಿಸ್ಟರ್ 2 ರೂಪಾಯಿ, ಪೀಪಿ 30 ರೂಪಾಯಿ, ಸೆಲ್ಲಿನ ಡಬ್ಬಿ 25 ರೂಪಾಯಿ, ಮೂರು ಸೆಲ್ಲಿಗೆ 36 ರೂಪಾಯಿ. ಒಟ್ಟು 98 ರೂಪಾಯಿ. ವೈರು ಹಳೆಯದು. ಸಾಮಾನು ತರಲು ನಾನು ಅವ್ವನ ಸಂಗಡ ಬೀದರಿಗೆ ಹೋಗಿದ್ದೆ. ಶಕ್ತಿ ಯೋಜನೆ ಇರುವುದರಿಂದ ಇಬ್ಬರಿಗೂ ಟಿಕೆಟ್ ದುಡ್ಡು ಹತ್ತಲಿಲ್ಲ. ಬೆಸುಗೆಯನ್ನು ವಿಜ್ಞಾನ ಸರ್ ಮುಂದೆ ನಿಂತು ಹಾಕಿಸಿದರು.

ಲೆಕ್ಕ ಏನು ಹೇಳುತ್ತದೆ

ನಾನು ನೋಟುಬುಕ್ಕಿನಲ್ಲಿ ದಿನಾಲೂ ಬರೆದಿಟ್ಟಿದ್ದೇನೆ. ಪೀಪಿ ಕಟ್ಟುವ ಮುಂಚೆ ಶಾಲೆಯ 20 ದಿನಗಳಲ್ಲಿ 13 ದಿನ ಟಾಕಿ ತುಂಬಿ ಹರಿಯಿತು. ಪೀಪಿ ಕಟ್ಟಿದ ಮೇಲೆ 24 ದಿನಗಳಲ್ಲಿ ಎರಡೇ ದಿನ ಹರಿಯಿತು. ಒಂದು ದಿನ ಸೆಲ್ಲು ಮುಗಿದಿತ್ತು. ಇನ್ನೊಂದು ದಿನ ಎಲ್ಲರೂ ಜೋರಾಗಿ ಪ್ರಾರ್ಥನೆ ಹಾಡುತ್ತಿದ್ದರಿಂದ ಪೀಪಿ ಕೇಳಿಸಲಿಲ್ಲ. ನಮ್ಮ ಪೀಪಿ ದೇವರೇನಲ್ಲ, ಅದಕ್ಕೂ ಕೊರತೆ ಇವೆ ಎಂದು ತಿಳಿಯಲಿ ಅಂತ ಇವೆರಡನ್ನೂ ಬರೆದಿದ್ದೇನೆ. ಆದರೂ 13 ಎಲ್ಲಿ, 2 ಎಲ್ಲಿ?

ಆಮೇಲೆ ಏನಾಯಿತು ಅಂದರೆ, ಶಾಲೆಗೆ ಹೊರಗಿನ ಅತಿಥಿಗಳು ಬರುವವರಿದ್ದರು. ಗೋಡೆಗೆ ಬಣ್ಣ ಹಚ್ಚಿದರು. ಜೋತು ಬಿದ್ದ ವೈರು ಚಂದ ಕಾಣುವುದಿಲ್ಲ ಎಂದು ತೆಗೆದರು. ಅತಿಥಿಗಳು ಬಂದರು, ಹೋದರು. ಪೀಪಿ ಮಾತ್ರ ಸಾಮಾನಿನ ಕೋಣೆಯ ಮೂಲೆಯಲ್ಲಿ ಕೂತಿದೆ. ಇಂದಿಗೆ ಏಳು ವಾರ ಆಯಿತು. ನಾನು ಯಾರ ಮೇಲೂ ಸಿಟ್ಟಿನಿಂದ ಬರೆಯುತ್ತಿಲ್ಲ. ಶಾಲೆ ಚಂದ ಕಾಣಬೇಕು ಅನ್ನುವುದು ಸರಿ. ಆದರೆ ವೈರನ್ನು ಪೈಪಿನೊಳಗೆ ಹಾಕಿದರೂ ಚಂದ ಕಾಣುತ್ತದೆ. ತೆಗೆದದ್ದನ್ನು ತಿರುಗಿ ಕಟ್ಟದಿರುವುದಕ್ಕೆ ಅದು ಕಾರಣವಲ್ಲ.

ಪೀಪಿ ಹೋದ ಮೇಲೆ ಏನಾಗಿದೆ ನೋಡಿರಿ. ಟಾಕಿ ಕಾಯಲು ಐದನೇ ತರಗತಿಯ ಒಬ್ಬ ಹುಡುಗನನ್ನು ಪಾಳಿ ಪ್ರಕಾರ ಹೊರಗೆ ನಿಲ್ಲಿಸುತ್ತಾರೆ. ಮೊದಲ ಪಿರಿಯಡ್ ಗಣಿತ. ಅವನಿಗೆ ಆ ದಿನ ಗಣಿತ ಇಲ್ಲ. 98 ರೂಪಾಯಿಯ ಪೀಪಿ ಮಾಡುವ ಕೆಲಸವನ್ನು ಒಬ್ಬ ಹುಡುಗ ಪಾಠ ಬಿಟ್ಟು ಮಾಡುತ್ತಿದ್ದಾನೆ. ಇದು ಸರಿಯೇ? ನೀವೇ ಹೇಳಿರಿ.

ಬೇಸಿಗೆಯಲ್ಲಿ ನಮ್ಮ ಬೋರು ಸಣ್ಣಗಾಗುತ್ತದೆ. ಹೋದ ವರ್ಷ ಮಾರ್ಚಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಶೌಚಾಲಯದಲ್ಲಿ ನೀರು ಇರುತ್ತಿರಲಿಲ್ಲ. ಹುಡುಗರು ಹೊಲದ ಕಡೆ ಓಡುತ್ತಾರೆ. ನಾವು ಹುಡುಗಿಯರು ಎಲ್ಲಿ ಹೋಗಬೇಕು? ಆರು ಮತ್ತು ಏಳನೇ ತರಗತಿಯ ಕೆಲವು ಹುಡುಗಿಯರು ಊಟದ ನಂತರ ಮನೆಗೆ ಹೋಗಿ ತಿರುಗಿ ಬರುತ್ತಿರಲಿಲ್ಲ. ಅವರು ಯಾಕೆ ಬರಲಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದಿಲ್ಲ. ಮುಂಜಾನೆ ಚೆಲ್ಲಿದ 225 ಲೀಟರು ಮಧ್ಯಾಹ್ನ ಟಾಕಿಯಲ್ಲಿದ್ದರೆ ಅವರು ಕೂತು ಪಾಠ ಕೇಳುತ್ತಿದ್ದರು.

ನಮ್ಮ ಬೀದರ್ ಕೈಕೆಲಸದ ಊರು

ಕೆಲವರು, "ಎಲೆಕ್ಟ್ರಾನಿಕ್ಸ್ ಅಂದ್ರ ಬೆಂಗಳೂರು ಹೈದರಾಬಾದಿನವರ ಕೆಲಸ, ನಮ್ಮ ಹಳ್ಳ್ಯಾಗ ಏನದ" ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಬೀದರಿನಲ್ಲಿ ಚೌಬಾರಾದ ಆಸುಪಾಸಿನ ಓಣಿಗಳಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ. ಬಿದ್ರಿ ಸಾಮಾನಿನ ಮುಖ್ಯ ಲೋಹ ಸತು, ಜೊತೆಗೆ ಸ್ವಲ್ಪ ತಾಮ್ರ. ಅದರಲ್ಲಿ ಹೂಬಳ್ಳಿ ಕೊರೆದು ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕೂಡಿಸಿದ ನೀರಿನಿಂದ ಅದಕ್ಕೆ ಕಪ್ಪು ಬಣ್ಣ ಬರಿಸುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಈಗ ಸೆಲ್ಲಿನ ಚಿತ್ರ ನೋಡಿರಿ. ನಾನು ಕೆಳಗೆ ಬಣ್ಣದ ಪೆನ್ಸಿಲಿನಿಂದ ತೆಗೆದಿದ್ದೇನೆ. ಸೆಲ್ಲಿನ ಹೊರಗಿನ ಬಟ್ಟಲು ಸತುವಿನದು. ನಡುವೆ ಇಂಗಾಲದ ಕಡ್ಡಿ. ಹಳೆಯ ನಮೂನೆಯ ಸೆಲ್ಲಿನಲ್ಲಿ ಇವೆರಡರ ನಡುವೆ ತುಂಬುವ ಹಿಟ್ಟಿನಂಥ ವಸ್ತುವಿನಲ್ಲಿ ಇರುವುದು ಅದೇ ನವಸಾಗರ! ಇದರ ಮೂಲವನ್ನು 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಎಂಬವರು ಕಂಡುಹಿಡಿದರು. ಬಿದ್ರಿಯವರು ಸತುವಿಗೆ ನವಸಾಗರ ಹಚ್ಚಿ ಬಣ್ಣ ತೆಗೆದರು, ಇವರು ಅವೆರಡರಿಂದಲೇ ಕರೆಂಟು ತೆಗೆದರು. ಊರಿಗೆ ಬರುತ್ತಿದ್ದ ಕಲಾಯಿ ಮಾಡುವವರನ್ನು ಹಿರಿಯರು ನೋಡಿದ್ದಾರೆ. ಕಾದ ತಾಮ್ರದ ಪಾತ್ರೆಗೆ ಅವರು ಹಾಕುತ್ತಿದ್ದುದೂ ನವಸಾಗರವೇ. ಅದು ಪಾತ್ರೆಯ ಕಿಲುಬು ತೆಗೆಯುತ್ತದೆ, ಆಗ ತವರ ಹತ್ತುತ್ತದೆ. ನಮ್ಮ ಬೆಸುಗೆಯ ತಂತಿಯಲ್ಲಿ ಇರುವುದೂ ತವರವೇ, ಜೊತೆಗೆ ಸೀಸ. ಹೀಗಾಗಿ ನಮ್ಮ ಜಿಲ್ಲೆಯವರ ಕೈಗೆ ಈ ಸಾಮಾನು ಹೊಸದಲ್ಲ.

ನೀರಿನ ವಿಷಯದಲ್ಲಿಯೂ ಹಾಗೆಯೇ. ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಸುರಂಗ ಬಾವಿ ಇದೆ. ಅದಕ್ಕೆ ಕರೇಜ್ ಎನ್ನುತ್ತಾರೆ. ನೆಲದ ಒಳಗೆ ಕಲ್ಲು ಕೊರೆದು, ಸ್ವಲ್ಪವೇ ಇಳಿಜಾರು ಕೊಟ್ಟು, ನೀರು ಬಿಸಿಲಿಗೆ ಆರದಂತೆ ಹರಿಸಿದರು. ಮೋಟಾರು ಇಲ್ಲದ ಕಾಲದಲ್ಲಿ ಅಷ್ಟು ವಿಚಾರ ಮಾಡಿದರು. ನಮಗೆ ಮೋಟಾರು ಇದೆ, ಆದರೂ ನೀರು ಅಂಗಳಕ್ಕೆ ಹರಿಯುತ್ತದೆ.

ದೊಡ್ಡ ವಿಜ್ಞಾನಿಗಳೂ ದೊಡ್ಡ ಸಾಮಾನಿನಿಂದಲೇ ಶುರು ಮಾಡಲಿಲ್ಲ. ಜಗದೀಶಚಂದ್ರ ಬೋಸರು ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಚಿಕ್ಕ ಕೋಣೆಯಲ್ಲಿ, ಒಬ್ಬ ತಗಡು ಕೆಲಸದವನ ಸಹಾಯದಿಂದ ಉಪಕರಣ ಮಾಡಿಕೊಂಡರು. 1895ರಲ್ಲಿ ಅವರು ವೈರು ಇಲ್ಲದೆ, ಗೋಡೆಯ ಆಚೆ ಇದ್ದ ಗಂಟೆಯನ್ನು ಬಾರಿಸಿ ತೋರಿಸಿದರು. ನಮ್ಮ ಪೀಪಿಗೆ ವೈರು ಇದೆ. ಆದರೆ ತಗಡಿನ ಡಬ್ಬಿ ನಮ್ಮಲ್ಲಿಯೂ ಇದೆ.

ಬೇಡ ಅನ್ನುವವರಿಗೆ ನನ್ನ ಉತ್ತರ

ಮೊದಲನೆಯ ಮಾತು, "ಶಾಕ್ ಹೊಡೀತದ." ಇದು ಖರೇ ಮಾತು, ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟು ಇರುತ್ತದೆ, ಅದು ಜೀವ ತೆಗೆಯುತ್ತದೆ. ಆದರೆ ನಮ್ಮ ಮೂರು ಸೆಲ್ಲಿನಲ್ಲಿ ಇರುವುದು 4.5 ವೋಲ್ಟು. ಪ್ಲಗ್ಗಿನಲ್ಲಿ ಅದರ 50 ಪಟ್ಟಿಗಿಂತ ಹೆಚ್ಚು. ಎರಡಕ್ಕೂ ಒಂದೇ ಹೆಸರು ಹೇಳಿ ಹೆದರಿಸಬಾರದು. ಹೆದರಿದ ಹುಡುಗ ಕದ್ದು ಮುಚ್ಚಿ ಪ್ಲಗ್ಗಿಗೆ ಕೈ ಹಾಕುತ್ತಾನೆ. ತಿಳಿದ ಹುಡುಗ ಅದರ ಹತ್ತಿರವೂ ಹೋಗುವುದಿಲ್ಲ.

ಎರಡನೆಯ ಮಾತು, "ಓದೋದು ಬಿಟ್ಟು ಇದೇನು?" ಒಂದು ಕೆಂಪು ಎಲ್‌ಇಡಿ ಹತ್ತಿಸಬೇಕಾದರೆ ನಾನು ಎಷ್ಟು ಗಣಿತ ಮಾಡಬೇಕು ನೋಡಿರಿ. ಮೂರು ಸೆಲ್ಲು 4.5 ವೋಲ್ಟು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟು ಸಾಕು. ಉಳಿದದ್ದು 2.5. ಹರಿಯಬೇಕಾದ ಕರೆಂಟು 0.01 ಆಂಪಿಯರ್. 2.5ನ್ನು 0.01ರಿಂದ ಭಾಗಿಸಿದರೆ 250 ಓಮ್. ಅಂಗಡಿಯಲ್ಲಿ 250 ಸಿಗಲಿಲ್ಲ, 270 ಸಿಗುತ್ತದೆ, ಅದನ್ನೇ ಹಾಕಬೇಕು. ದಶಮಾಂಶ ಭಾಗಾಕಾರ ನನಗೆ ಬೇಸರದ ಪಾಠ ಆಗಿತ್ತು. ಈಗ ತಪ್ಪಿದರೆ ಎಲ್‌ಇಡಿ ಸುಡುತ್ತದೆ ಎಂದು ಎರಡು ಸಲ ಮಾಡಿ ನೋಡುತ್ತೇನೆ.

ಮೂರನೆಯ ಮಾತು, "ಅಂಗಡ್ಯಾಗ ರೆಡಿ ಸಿಗ್ತದ, ತಂದು ಕಟ್ಟಿದ್ರ ಆಯ್ತು." ತಂದು ಕಟ್ಟಿದರೆ ನನಗೆ ಸಂತೋಷವೇ. ನೀರು ಉಳಿಯುತ್ತದೆ. ಆದರೆ ತರುವ ಮಾತು ಆಡುತ್ತಲೇ ಏಳು ವಾರ ಹೋಯಿತು. ಮತ್ತು ತಂದದ್ದು ಕೆಟ್ಟರೆ ಯಾರು ರಿಪೇರಿ ಮಾಡಬೇಕು? ನಮ್ಮದು ಕೆಟ್ಟರೆ ಯಾವ ವೈರು ಎಲ್ಲಿ ಹೋಗಿದೆ ಎಂದು ಹತ್ತು ಮಕ್ಕಳಿಗೆ ಗೊತ್ತಿದೆ.

ನಾಲ್ಕನೆಯ ಮಾತು, "ಹುಡುಗಿಗೆ ಯಾಕ ಬೇಕವ್ವ ಇದೆಲ್ಲ?" ಇದನ್ನು ನಮ್ಮ ಓಣಿಯ ದೊಡ್ಡವ್ವ ಕೇಳಿದಳು. ನಾನು ಎದುರು ಮಾತಾಡಲಿಲ್ಲ, ಇಲ್ಲಿ ಬರೆಯುತ್ತೇನೆ. ನೀರು ಮುಗಿದರೆ ಮೊದಲು ಕಷ್ಟ ಆಗುವುದು ಹುಡುಗಿಗೆ. ಮನೆಯಲ್ಲಿ ಕೊಡ ಹೊರುವುದೂ ಹುಡುಗಿಯೇ. ಹಾಗಿದ್ದ ಮೇಲೆ ನೀರು ಕಾಯುವ ಪೀಪಿ ಮಾಡಲು ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಹಕ್ಕಿದೆ. ಗೋದಿ ಆರಿಸುವ, ಸೂಜಿಗೆ ದಾರ ಪೋಣಿಸುವ ಕೈಗೆ ಸಣ್ಣ ವೈರು ಕೂಡಿಸುವುದು ದೊಡ್ಡ ಕೆಲಸವೂ ಅಲ್ಲ.

ನಾವು ಕೇಳುವುದು ಏನು

ದೊಡ್ಡ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇರುತ್ತದೆ. ಇದನ್ನು ನೀತಿ ಆಯೋಗದವರು 2016ರಲ್ಲಿ ಶುರು ಮಾಡಿದರು. ಆರಿಸಿದ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುವ ಯೋಜನೆ ಅದು. ಅಲ್ಲಿ ಮಕ್ಕಳು ತಾವೇ ಯಂತ್ರ ಮಾಡಿ ಕಲಿಯುತ್ತಾರೆ. ಅಂದರೆ ಮಾಡಿ ಕಲಿಯುವುದು ಓದೇ ಎಂದು ಸರಕಾರವೂ ಒಪ್ಪಿದೆ. 6ನೇ ತರಗತಿಯಿಂದ ಮೇಲಿನ ಮಕ್ಕಳ ಒಳ್ಳೆಯ ವಿಚಾರಕ್ಕೆ ಇನ್‌ಸ್ಪೈರ್ ಮಾನಕ್ ಎಂಬ ಯೋಜನೆಯಲ್ಲಿ 10,000 ರೂಪಾಯಿ ಪ್ರಶಸ್ತಿಯೂ ಇದೆ. ನಮ್ಮಂಥ ಸಣ್ಣ ಶಾಲೆಗೆ 20 ಲಕ್ಷ ಬರಲಿ ಎಂದು ನಾನು ಕಾಯುವುದಿಲ್ಲ. ನಾನು ಕೇಳುವುದು ಒಂದು ಪೆಟ್ಟಿಗೆ. ಹನಿ ಹನಿ ಕೂಡಿದರೆ ಹಳ್ಳ ಅಂತ ನಮ್ಮ ಆಯಿ ಹೇಳುತ್ತಾಳೆ. ಊರಿನ ಮನೆ ಮನೆಯಿಂದ ಒಂದೊಂದು ಕೆಟ್ಟ ಟಾರ್ಚು ಬಂದರೂ ಪೆಟ್ಟಿಗೆ ತುಂಬುತ್ತದೆ.

ಪೆಟ್ಟಿಗೆ ಕೊಟ್ಟರೆ ಈ ನಿಯಮಗಳನ್ನು ನಾವು ಪಾಲಿಸುತ್ತೇವೆ. ನಾನು ಮತ್ತು ಗೆಳತಿಯರು ಕೂತು ಬರೆದಿದ್ದೇವೆ.

1. ಸೆಲ್ಲಿನ ಮೇಲೆ ನಡೆಯುವ ಸಾಮಾನು ಮಾತ್ರ. ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ಬಿಚ್ಚುವುದಿಲ್ಲ. ಟಿವಿ, ಚಾರ್ಜರ್, ಬಲ್ಬು ಮುಟ್ಟುವುದಿಲ್ಲ.

2. ಮೊಬೈಲಿನ ಬ್ಯಾಟರಿ ಬಿಚ್ಚುವುದಿಲ್ಲ, ಚುಚ್ಚುವುದಿಲ್ಲ. ಅದು ಹೊತ್ತಿ ಉರಿಯುತ್ತದೆ. ಯಾವ ಸೆಲ್ಲನ್ನೂ ಒಡೆಯುವುದಿಲ್ಲ, ಒಲೆಗೆ ಹಾಕುವುದಿಲ್ಲ.

3. ಬೆಸುಗೆ ಕಡ್ಡಿಗೆ ಪ್ಲಗ್ಗು ಬೇಕು, ಆದ್ದರಿಂದ ಸರ್ ಇದ್ದಾಗ ಮಾತ್ರ, ಅವರೇ ಹಚ್ಚಿ ಕೊಟ್ಟಾಗ ಮಾತ್ರ. ಕಿಟಕಿ ತೆರೆದಿರಬೇಕು. ಬೆಸುಗೆಯಲ್ಲಿ ಸೀಸ ಇರುವುದರಿಂದ ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

4. ಮಾಳಿಗೆ ಮೇಲೆ ಮಕ್ಕಳು ಹತ್ತುವುದಿಲ್ಲ. ಟಾಕಿಯ ಹತ್ತಿರದ ಕೆಲಸ ದೊಡ್ಡವರು ಮಾಡಬೇಕು, ಕೆಳಗಿನ ಕೆಲಸ ನಾವು ಮಾಡುತ್ತೇವೆ.

5. ಪ್ರತಿ ಸೋಮವಾರ ಪೀಪಿಯ ಪರೀಕ್ಷೆ. ಕೆಳಗೆ ಇಳಿಬಿಟ್ಟ ಇನ್ನೆರಡು ವೈರಿನ ತುದಿ ಒಂದು ಲೋಟ ನೀರಿನಲ್ಲಿ ಅದ್ದಬೇಕು. ಕೂಗಿದರೆ ಸೆಲ್ಲು ಸರಿ ಇದೆ, ಇಲ್ಲದಿದ್ದರೆ ಬದಲಿಸಬೇಕು.

6. ಏಳನೆಯವರು ಮಾಡಿದ್ದನ್ನು ಆರು ಮತ್ತು ಐದನೆಯವರಿಗೆ ಕಲಿಸಬೇಕು.

ಈ ಆರನೆಯ ನಿಯಮ ನನಗೆ ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ನಮ್ಮ ಶಾಲೆ ಏಳನೆಯವರೆಗೆ ಮಾತ್ರ. ಏಪ್ರಿಲ್ ಆದ ಮೇಲೆ ನಾವು ಇಲ್ಲಿ ಇರುವುದಿಲ್ಲ. ಕೆಲವರು ಭಾಲ್ಕಿ ಕಡೆ ಹೋಗುತ್ತಾರೆ, ಕೆಲವರು ಔರಾದ ಕಡೆ ಹೋಗುತ್ತಾರೆ. ಕೆಲವು ಹುಡುಗಿಯರನ್ನು ಮುಂದೆ ಕಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಾವು ಹೋದ ಮೇಲೆ ಪೀಪಿ ಕೆಟ್ಟರೆ ಅದನ್ನು ತೆರೆದು ನೋಡುವವರು ಇಲ್ಲಿ ಇರಬೇಕು. ಇಲ್ಲದಿದ್ದರೆ ಅದು ಮತ್ತೆ ಮೂಲೆಗೆ ಹೋಗುತ್ತದೆ. ನಾವು ಶಾಲೆಗೆ ಬೀಳ್ಕೊಡುಗೆ ದಿನ ಗೋಡೆ ಗಡಿಯಾರ ಕೊಡಬೇಕೆಂದು ಒಬ್ಬೊಬ್ಬರು 20 ರೂಪಾಯಿ ಕೂಡಿಸುತ್ತಿದ್ದೇವೆ. ಶಾಲೆಯಲ್ಲಿ ಈಗಾಗಲೇ ಮೂರು ಗಡಿಯಾರ ಇವೆ, ಅದರಲ್ಲಿ ಎರಡು ನಿಂತಿವೆ. ಗಡಿಯಾರದ ಬದಲು ಆ ದುಡ್ಡಿನಿಂದ ಪೆಟ್ಟಿಗೆ, ವೈರಿಗೆ ಪೈಪು, ಒಂದು ವರ್ಷಕ್ಕೆ ಆಗುವಷ್ಟು ಸೆಲ್ಲು ತರೋಣ ಎಂದು ನನ್ನ ಸೂಚನೆ. ನಿಂತ ಎರಡು ಗಡಿಯಾರಗಳನ್ನು ಮೊದಲ ಶನಿವಾರವೇ ಬಿಚ್ಚಿ ನೋಡೋಣ. ಅವೂ ಸೆಲ್ಲಿನ ಮೇಲೆಯೇ ನಡೆಯುತ್ತವೆ.

ಪೂಜ್ಯ ಮುಖ್ಯ ಗುರುಗಳಲ್ಲಿ ಮತ್ತು ಎಸ್.ಡಿ.ಎಂ.ಸಿ. ಹಿರಿಯರಲ್ಲಿ ನನ್ನ ಕೈ ಮುಗಿದ ವಿನಂತಿ. ಮಾರ್ಚ್ ಬರುವುದರೊಳಗೆ ಪೀಪಿ ಕಟ್ಟಲು ಅಪ್ಪಣೆ ಕೊಡಬೇಕು. ಐದನೆಯ ತರಗತಿಯ ಹುಡುಗನನ್ನು ಗಣಿತದ ಪಾಠಕ್ಕೆ ಒಳಗೆ ಕರೆಯಬೇಕು. ಶನಿವಾರದ ಕೊನೆಯ ತಾಸನ್ನು ನಮಗೆ ಕೊಡಬೇಕು.

ಗೆಳೆಯ ಗೆಳತಿಯರೇ, ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಇದರ ಕೆಳಗೆ ಅಂಟಿಸಿದ ಬಿಳಿ ಹಾಳೆಯಲ್ಲಿ ಬರೆಯಿರಿ. ಒಪ್ಪುವವರು ತಮ್ಮ ತರಗತಿ ಬರೆದು, ಮನೆಯಿಂದ ಯಾವ ಕೆಟ್ಟ ಸಾಮಾನು ತರುತ್ತೀರಿ ಎಂಬುದನ್ನು ಬರೆಯಿರಿ. ಮನೆಯವರನ್ನು ಕೇಳಿಯೇ ತರಬೇಕು. ನಮಗೆ ಸದ್ಯಕ್ಕೆ ಬೇಕಾದದ್ದು ಟಾರ್ಚು, ಆಟದ ಗಾಡಿಯ ಮೋಟಾರು, ಹಳೆಯ ರೇಡಿಯೋ ಮತ್ತು ಮುಚ್ಚಳ ಇರುವ ಒಂದು ದೊಡ್ಡ ತಗಡಿನ ಡಬ್ಬಿ.

ಇಂತಿ ನಿಮ್ಮ ವಿಶ್ವಾಸಿ,
7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ